ಪ್ರಿವ್ಯೂ ತಡವರಿಸಿದರೆ ವಿಡಿಯೊ ಕೆಟ್ಟಿದೆ ಅಂತಲ್ಲ

ಮುಳ್ಳಯ್ಯನಗಿರಿ ರಸ್ತೆಯ ತಿರುವಿನಲ್ಲಿ ನಿಂತು ಕೆಳಗೆ ನೋಡಿ. ಅಷ್ಟೊಂದು ಕಾಫಿ ತೋಟ ಇದೆ ಅಂತಾರೆ, ಕಾಫಿ ಗಿಡವೇ ಕಾಣುವುದಿಲ್ಲ. ಕಾಣುವುದೆಲ್ಲ ಸಿಲ್ವರ್ ಓಕ್, ಹಾಲುವಾಣದ ತಲೆಗಳು. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ, ಆದ ಕಡೆ ಮಾತ್ರ ಅಡಿಯ ಗಿಡ ಅಲ್ಲಲ್ಲಿ ಇಣುಕುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್‌ನ ವಿಡಿಯೊ ಟ್ರ್ಯಾಕ್‌ಗಳೂ, ಅಂದರೆ ಕ್ಲಿಪ್ ಜೋಡಿಸುವ ಸಾಲುಗಳೂ, ಹೀಗೇ. ಮೇಲಿನದು ಕೆಳಗಿನದನ್ನು ಮುಚ್ಚುತ್ತದೆ. ಇಷ್ಟು ತಲೆಗೆ ಹೋದರೆ ಅರ್ಧ ಗೊಂದಲ ಮುಗಿಯಿತು. ಉಳಿದರ್ಧ ಪ್ರಿವ್ಯೂದು, ಅಂದರೆ ಎಡಿಟ್ ಮಾಡುತ್ತಾ ಅಲ್ಲೇ ಓಡಿಸಿ ನೋಡುವುದರದು.

ಒಂದು ಮಾರ್ಚ್‌ನಲ್ಲಿ ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಪರಿಚಯದವರ ತೋಟ ಬೆಳ್ಳಗಾಯಿತು. ಕಾಫಿ ಹೂ ಜಾಸ್ತಿ ದಿನ ನಿಲ್ಲುವುದಿಲ್ಲ ಅಲ್ವಾ, ಓಡಿಹೋಗಿ ಫೋನಿನಲ್ಲಿ ಫೋರ್‌ಕೆ ವಿಡಿಯೊ ತೆಗೆದೆ. ತೋಟದವರ ಮಾತು, ಹೂವಿನ ಹತ್ತಿರದ ಶಾಟ್‌ಗಳು, ಒಂದೆರಡು ಜೇನ್ನೊಣ. ಮನೆಗೆ ಬಂದು 8 ಜಿಬಿ ರ್‍ಯಾಮ್‌ನ ಹಳೇ ಲ್ಯಾಪ್‌ಟಾಪ್‌ಗೆ ಹಾಕಿದರೆ ಜೇನು ಹಾರಲಿಲ್ಲ, ಕಪ್ಪೆಯ ಹಾಗೆ ನೆಗೆಯಿತು. ಶಾಟ್ ಸರಿ ಬಂದಿಲ್ಲ ಅಂದುಕೊಂಡು ಮೂರು ಒಳ್ಳೆಯ ಕ್ಲಿಪ್ ತೆಗೆದುಹಾಕಿದೆ. ತಪ್ಪು ಕ್ಲಿಪ್‌ನದಾಗಿರಲಿಲ್ಲ, ನಾನು ನೋಡಿದ ರೀತಿಯದು.

ನಾನು ಬಳಸುವುದು ಕೆಡೆನ್‌ಲೈವ್. ದುಡ್ಡು ಕೊಡಬೇಕಿಲ್ಲ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಬೇರೆ ಸಾಫ್ಟ್‌ವೇರ್‌ನಲ್ಲಿ ಗುಂಡಿಯ ಜಾಗ ಬೇರೆ ಇರಬಹುದು, ಉಪಾಯ ಬಹುತೇಕ ಇದೇ.

ಯಾವುದು ಕೆಳಗೆ, ಯಾವುದು ಮೇಲೆ

ಕ್ಲಿಪ್‌ಗಳನ್ನು ಒಂದರ ಹಿಂದೊಂದು ಜೋಡಿಸುವ ಜಾಗವೇ ಟೈಮ್‌ಲೈನ್. ಅದರ ಎಡಗಡೆ ವಿ1, ವಿ2 ಎಂದು ವಿಡಿಯೊ ಟ್ರ್ಯಾಕ್‌ಗಳೂ ಎ1, ಎ2 ಎಂದು ಆಡಿಯೊ ಟ್ರ್ಯಾಕ್‌ಗಳೂ ಇರುತ್ತವೆ. ವಿ1 ಅಡಿಯದು. ಮಾತಾಡುವವರ ಕ್ಲಿಪ್ ಅಲ್ಲಿಗೆ ಹಾಕಿ. ಹೂವಿನ ಶಾಟ್‌ಗಳು ವಿ2ಗೆ. ಮಾತಿನ ನಡುವೆ ಹೂ ಕಾಣಬೇಕಾದ ಜಾಗದಲ್ಲಿ ವಿ2ರಲ್ಲಿ ಕ್ಲಿಪ್ ಇರುತ್ತದೆ, ಉಳಿದ ಕಡೆ ಖಾಲಿ. ಖಾಲಿ ಇದ್ದ ಕಡೆ ಅಡಿಯವರು ತಾನಾಗಿ ಕಾಣುತ್ತಾರೆ. ಧ್ವನಿ ಮಾತ್ರ ಎ1ರಲ್ಲಿ ತುಂಡಾಗದೆ ಓಡುತ್ತಿರುತ್ತದೆ. ಹೆಸರು, ಊರು ಬರೆದ ಅಕ್ಷರಗಳಿಗೆ ವಿ3 ಬೇಕು. ಟ್ರ್ಯಾಕ್‌ನ ತಲೆ, ಅಂದರೆ ಎಡತುದಿಯ ಹೆಸರಿನ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ಹೊಸ ಟ್ರ್ಯಾಕ್ ಸೇರಿಸಿ. ಆ ತಲೆಗಳಿಗೆ 'ಮಾತು', 'ಹೂ', 'ಅಕ್ಷರ' ಎಂದು ಹೆಸರಿಟ್ಟುಬಿಡಿ. ವಾರ ಬಿಟ್ಟು ಫೈಲ್ ತೆರೆದಾಗ ವಿ2, ವಿ3 ಅಂದರೆ ನಮಗೇ ನೆನಪಿರುವುದಿಲ್ಲ.

ಮಾತಿನ ಟ್ರ್ಯಾಕ್ ಒಂದು ಹದಕ್ಕೆ ಬಂದ ಕೂಡಲೇ ಬೀಗದ ಗುರುತು ಒತ್ತಿ. ಎ1ಕ್ಕೂ ಹಾಕಿ. ಆಮೇಲೆ ಹೂವಿನ ಶಾಟ್ ಎಷ್ಟು ಎಳೆದಾಡಿದರೂ ಮಾತು ಜರುಗುವುದಿಲ್ಲ.

ಅಂಗಡಿಯ ಅಥವಾ ತೋಟದ ಲೋಗೊ ಮೇಲೆ ಇಡುವವರು ಒಂದು ನೋಡಿಕೊಳ್ಳಿ. ಜೆಪೆಗ್ ಚಿತ್ರಕ್ಕೆ ಪಾರದರ್ಶಕ ಹಿನ್ನೆಲೆ ಇರುವುದಿಲ್ಲ. ಲೋಗೊ ಸುತ್ತ ಬಿಳಿ ಚೌಕ ಬಂದು ಕೂರುತ್ತದೆ. ಹಿನ್ನೆಲೆ ತೆಗೆದ ಪಿಎನ್‌ಜಿ ಫೈಲ್ ಕೇಳಿ ತರಿಸಿಕೊಳ್ಳಿ. ಚಾಟ್‌ನಲ್ಲಿ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ.

ಯಾಕೆ ತಡವರಿಸುತ್ತದೆ

1920×1080ರ ಒಂದು ಚಿತ್ರದಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳು. ಫೋರ್‌ಕೆ, ಅಂದರೆ 3840×2160 ಆದರೆ ಅದರ ನಾಲ್ಕು ಪಟ್ಟು. ಸೆಕೆಂಡಿಗೆ 25 ಚಿತ್ರ ಅಂದರೆ ಒಂದೊಂದಕ್ಕೆ ಸಿಗುವುದು 40 ಮಿಲಿಸೆಕೆಂಡು. ಅಷ್ಟರೊಳಗೆ ಕಂಪ್ಯೂಟರ್ ಫೈಲ್ ಬಿಚ್ಚಬೇಕು, ಪದರ ಜೋಡಿಸಬೇಕು, ತೋರಿಸಬೇಕು. ಸಾಲದ್ದಕ್ಕೆ ಫೋನಿನ ಫೈಲ್‌ಗಳಲ್ಲಿ ಎಲ್ಲ ಚಿತ್ರವೂ ಪೂರ್ತಿ ಇರುವುದಿಲ್ಲ. ಹೆಚ್ಚಿನವುಗಳಲ್ಲಿ ಪಕ್ಕದ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮಾತ್ರ ಇರುತ್ತದೆ. ನಡುವಿನ ಒಂದು ಚಿತ್ರ ಬೇಕೆಂದರೂ ಹಿಂದಿನಿಂದ ಬಿಚ್ಚಿಕೊಂಡು ಬರಬೇಕು. ಎರಡು ಪದರ ಒಂದರ ಮೇಲೊಂದು ಕಾಣಬೇಕಾದರೆ ಎರಡನ್ನೂ ಬಿಚ್ಚಬೇಕು. ಹಳೇ ಲ್ಯಾಪ್‌ಟಾಪ್ ಎಲ್ಲಿಂದ ತಂದೀತು?

ಹಾಗಾಗಿ ಮೊದಲು ಪ್ರಾಕ್ಸಿ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಆನ್ ಮಾಡಿದರೆ ದೊಡ್ಡ ಕ್ಲಿಪ್‌ಗಳಿಗೆ ಸಣ್ಣ ನಕಲು ತಯಾರಾಗುತ್ತದೆ. ಒಂದೇ ಕ್ಲಿಪ್‌ಗೆ ಬೇಕಾದರೆ ಅದರ ಮೇಲೆ ರೈಟ್ ಕ್ಲಿಕ್ ಸಾಕು. ನಕಲು ಆಗುವಷ್ಟರಲ್ಲಿ ಒಂದು ಕಾಫಿ ಕುಡಿದು ಬನ್ನಿ, ನನ್ನ ಲ್ಯಾಪ್‌ಟಾಪ್‌ನಲ್ಲಾದರೆ ಎರಡು. ಎಡಿಟ್ ಮಾಡುವಾಗ ನೀವು ನೋಡುವುದು ನಕಲನ್ನು. ಕೊನೆಗೆ ರೆಂಡರ್ ಆಗುವುದು, ಅಂದರೆ ಎಲ್ಲ ಸೇರಿ ಒಂದು ವಿಡಿಯೊ ಫೈಲ್ ಆಗಿ ಹೊರಬರುವುದು, ಅಸಲಿಯಿಂದಲೇ. ಹೂವಿನ ಎಸಳು ಮಸುಕಾಗಿ ಕಂಡರೆ ಗಾಬರಿ ಬೇಡ.

ಆಮೇಲೂ ಎಡವಿದರೆ ಕೆಡೆನ್‌ಲೈವ್ ಒಳಗೆ ವಿಡಿಯೊ ಕಾಣುವ ಚೌಕದ, ಅಂದರೆ ಅದರ ಮಾನಿಟರ್‌ನ, ಪ್ರಿವ್ಯೂ ರೆಸಲ್ಯೂಷನ್ 540ಕ್ಕೋ 360ಕ್ಕೋ ಇಳಿಸಿ. ಕತ್ತರಿಸುವ ಜಾಗ ಗೊತ್ತಾಗಲು ಅಷ್ಟು ಸಾಕು.

ಹೂವಿನ ಮೇಲೆ ಅಕ್ಷರ ತೇಲಿಬರುವ ಹತ್ತು ಸೆಕೆಂಡಿನಂಥ ಜಾಗ ಇದಕ್ಕೂ ಬಗ್ಗದಿರಬಹುದು. ಅಷ್ಟು ಭಾಗವನ್ನು ಮಾತ್ರ ಮೊದಲೇ ಜೋಡಿಸಿಡಲು ಟೈಮ್‌ಲೈನ್ ಪ್ರಿವ್ಯೂ ಇದೆ. ಆ ವಲಯ ಗುರುತಿಸಿ ಶಿಫ್ಟ್ ಮತ್ತು ಎಂಟರ್ ಒತ್ತಿ. ಟೈಮ್‌ಲೈನ್‌ನ ಮೇಲಂಚಿನ ಕೆಂಪು ಗೆರೆ ಹಸಿರಾಗುತ್ತಾ ಹೋಗುತ್ತದೆ. ಹಸಿರಾದ ಕಡೆ ನೀರು ಹರಿದ ಹಾಗೆ ಓಡುತ್ತದೆ. ಆ ಭಾಗದಲ್ಲಿ ಏನಾದರೂ ಬದಲಿಸಿದಿರೋ, ಮತ್ತೆ ಕೆಂಪು. ಅದಕ್ಕೇ ಎಡಿಟ್ ಪೂರ್ತಿ ಆಗುವ ಮೊದಲು ಇದನ್ನು ಮಾಡುತ್ತಾ ಕೂರಬೇಡಿ, ಸುಮ್ನೆ ಹೊತ್ತು ಹೋಗುತ್ತದೆ.

ಒಂದೊಂದೇ ಪದರ ಎತ್ತಿ ನೋಡಿ

ಪ್ರತಿ ಟ್ರ್ಯಾಕ್‌ನ ತಲೆಯಲ್ಲಿ ಅದನ್ನು ಮರೆಮಾಡುವ ಗುಂಡಿ ಇದೆ. ವಿ2 ಮರೆಮಾಡಿ ಒಮ್ಮೆ ಓಡಿಸಿದರೆ ಮಾತನ್ನು ಎಲ್ಲಿ ಕತ್ತರಿಸಿದ್ದೀರಿ, ಮಾತಾಡುವವರ ತಲೆ ಎಲ್ಲಿ ಜಿಗಿಯುತ್ತದೆ ಅನ್ನುವುದೆಲ್ಲ ಬಯಲಾಗುತ್ತದೆ. ಹೂವಿನ ಶಾಟ್ ಆ ಜಿಗಿತದ ಮೇಲೆ ಸರಿಯಾಗಿ ಕೂರಬೇಕು. ಸರಿಯಾಗಿ ಕೂತಿದೆಯೇ ತಿಳಿಯಲು ವಿ2ರ ಕ್ಲಿಪ್‌ಗೆ ಟ್ರಾನ್ಸ್‌ಫಾರ್ಮ್ ಎಫೆಕ್ಟ್ ಹಾಕಿ, ಒಪಾಸಿಟಿ, ಅಂದರೆ ಹಿಂದಿನದನ್ನು ಎಷ್ಟು ಮುಚ್ಚುತ್ತದೆ ಅನ್ನುವುದನ್ನು, ಶೇಕಡಾ 50ಕ್ಕೆ ಇಳಿಸಿ. ಹೂ, ಮುಖ ಎರಡೂ ಒಟ್ಟಿಗೆ ಕಾಣುತ್ತವೆ. ಅಳತೆ ಮುಗಿದ ಮೇಲೆ ಎಫೆಕ್ಟ್ ತೆಗೆಯಿರಿ.

ಮರೆಮಾಡಿದ್ದನ್ನು ಮತ್ತೆ ತೋರಿಸಲು ಮರೆತರೆ ರೆಂಡರ್‌ನಲ್ಲೂ ಅದು ಬರುವುದಿಲ್ಲ. ಸಂಬಂಧಿಕರ ಮದುವೆ ವಿಡಿಯೊದಲ್ಲಿ ನಾನು ಅಕ್ಷರದ ಟ್ರ್ಯಾಕ್ ಹೀಗೇ ಬಿಟ್ಟಿದ್ದೆ. ವಧೂವರರ ಹೆಸರೇ ಇಲ್ಲದ ವಿಡಿಯೊ ಎರಡೂ ಕಡೆಯ ನೆಂಟರ ಫೋನಿಗೆ ಹೋಯಿತು. ಈಗ ರೆಂಡರ್ ಒತ್ತುವ ಮೊದಲು ಮೇಲಿಂದ ಕೆಳಗೆ ಎಲ್ಲ ಗುಂಡಿಗಳನ್ನೂ ಬೆರಳಿಟ್ಟು ನೋಡುತ್ತೇನೆ.

ಪೂರ್ತಿ ರೆಂಡರ್‌ಗೂ ಮೊದಲು ಇನ್ನೊಂದು ಕೆಲಸ. ರೆಂಡರ್ ಕಿಟಕಿಯಲ್ಲಿ ಆಯ್ದ ವಲಯ ಮಾತ್ರ ಎಂಬ ಆಯ್ಕೆ ಇದೆ. ಮೂರೂ ಪದರ ಸೇರುವ ಅರ್ಧ ನಿಮಿಷ ತೆಗೆದು ಫೋನಿಗೆ ಹಾಕಿಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಚೆಂದ ಕಂಡ ನನ್ನ ಅಕ್ಷರಗಳನ್ನು ತೋಟದವರು ಕಣದ ಬಿಸಿಲಲ್ಲಿ ಫೋನ್ ಹಿಡಿದು ನೋಡಿದರು. ಹೂವಿನ ಬಿಳಿಯ ಮೇಲೆ ಬಿಳಿ ಅಕ್ಷರ. "ಹೆಸರು ಎಲ್ರೀ?" ಅಂದರು. ಅಕ್ಷರದ ಹಿಂದೆ ಒಂದು ಕಪ್ಪು ಪಟ್ಟಿ ಹಾಕಿ, ಅದೇ ಅರ್ಧ ನಿಮಿಷ ಮತ್ತೆ ತೆಗೆದೆ.