ಕೇಪಿನ ಕೋವಿಗೆ ನಾನು ಕೇಪು ಆರಿಸುವ ಬಗೆ

ತೀರ್ಥಹಳ್ಳಿ ಸೀಮೆಯಲ್ಲಿ ಗದ್ದೆ, ಅಡಿಕೆ ತೋಟ ಇರುವ ಕೆಲವು ಮನೆಗಳಲ್ಲಿ ಈಗಲೂ ಕೇಪಿನ ಕೋವಿ ಇದೆ. ಕೇಪು ಎಂದರೆ ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಕಿಡಿ ಕೊಡುವ ಪುಟ್ಟ ತಾಮ್ರದ ಟೊಪ್ಪಿ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಇಂಥ ಕೋವಿಗೆ ಬೆಳೆ ರಕ್ಷಣೆಗೆಂದು ಪರವಾನಗಿ ಕೊಡಲು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅವಕಾಶವಿದೆ. ನಮ್ಮ ಮನೆಯ ಕೋವಿಯೂ ಅಪ್ಪನಿಂದ ನನ್ನ ಹೆಸರಿಗೆ ಬಂದದ್ದು ಹಾಗೆಯೇ. 1972ರ ವನ್ಯಜೀವಿ ಕಾಯ್ದೆ ಇರುವುದರಿಂದ ನಾನು ಅದರಲ್ಲಿ ಚರೆ ತುಂಬುವುದಿಲ್ಲ. ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿ ಗದ್ದೆಗೆ ಇಳಿದಾಗ, ಮಂಗಗಳು ತೋಟಕ್ಕೆ ಬಂದಾಗ, ಸದ್ದಿಗಾಗಿ ಬರೀ ಮದ್ದಿನ ಈಡು ಹಾರಿಸುತ್ತೇನೆ.

ಕೋವಿ ಇಟ್ಟುಕೊಂಡವರು ಮದ್ದಿನ ಬಗ್ಗೆ ತುಂಬಾ ಮಾತನಾಡುತ್ತಾರೆ, ಕೇಪಿನ ಬಗ್ಗೆ ಅಷ್ಟಾಗಿ ಮಾತನಾಡುವುದಿಲ್ಲ. ಮದ್ದು ಹೊತ್ತಿಕೊಳ್ಳಲು ಕಿಡಿ ಬೇಕು. ಕೇಪಿಗೆ ಒಂದು ಪೆಟ್ಟು ಸಾಕು. ಆದ್ದರಿಂದ ಯಾವ ಪೆಟ್ಟಿಗೆ ಸಿಡಿಯಬೇಕು, ಯಾವುದಕ್ಕೆ ಸಿಡಿಯಬಾರದು ಎನ್ನುವ ಲೆಕ್ಕ ಕೇಪು ಆರಿಸುವಾಗಲೇ ಶುರುವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ನನಗೆ ಸ್ಪಷ್ಟವಾದದ್ದು ಅಣ್ಣನ ಮಗನ ಜೊತೆ ಮಾತನಾಡುವಾಗ. ಅವನು ಅಮೆರಿಕದಲ್ಲಿದ್ದಾನೆ. ಅಲ್ಲಿನ ಕಾನೂನಿನಂತೆ ಗುರಿ ಅಭ್ಯಾಸಕ್ಕೆ ಬೇಕಾದ ತೋಟಾಗಳನ್ನು ತಾನೇ ಮರುತುಂಬಿಕೊಳ್ಳುತ್ತಾನೆ. ಅವನ ಬಳಿ ಇರುವುದು ಎಂ1 ಗರಾಂಡ್, ಅಮೆರಿಕದ ಸೇನೆ 1936ರಲ್ಲಿ ಸ್ವೀಕರಿಸಿದ ಅರೆಸ್ವಯಂಚಾಲಿತ ರೈಫಲ್. ಊರಿಗೆ ಬಂದಾಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಹಾರಿಸದೆ ಹೊರತೆಗೆದ ತೋಟಾದ ಬುಡದಲ್ಲಿ, ಕೇಪಿನದೇ ಕೆಲಸ ಮಾಡುವ ಪ್ರೈಮರಿನ ಮೇಲೆ, ಸೂಜಿಯ ಮೊನೆ ತಾಗಿದಂತಹ ಚಿಕ್ಕ ಗುಳಿ ಇತ್ತು.

“ಚಿಕ್ಕಪ್ಪ, ಬಿಲ್ಲನ್ನು (ಟ್ರಿಗರ್) ಮುಟ್ಟಿಯೇ ಇಲ್ಲ. ತೋಟಾವನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಮುಂದಕ್ಕೆ ಬಡಿದು ಮುಚ್ಚಿಕೊಂಡಾಗ ಬಿದ್ದ ಗುರುತು ಇದು” ಎಂದ.

ಗರಾಂಡಿನಲ್ಲಿಯೂ ಎಆರ್-15 ಎಂಬ ಇನ್ನೊಂದು ಅರೆಸ್ವಯಂಚಾಲಿತ ರೈಫಲ್ಲಿನಲ್ಲಿಯೂ ಪ್ರೈಮರನ್ನು ಬಡಿಯುವ ಕಡ್ಡಿಯನ್ನು ಹಿಂದಕ್ಕೆ ಹಿಡಿದಿಡುವ ಸ್ಪ್ರಿಂಗ್ ಇಲ್ಲ. ಬೋಲ್ಟ್ ಮುಚ್ಚಿಕೊಳ್ಳುವ ರಭಸಕ್ಕೆ ಕಡ್ಡಿ ಮುಂದೆ ಜಾರಿ ಪ್ರೈಮರಿಗೆ ಮೆಲ್ಲಗೆ ತಾಗುತ್ತದೆ. ಪ್ರೈಮರಿನ ಬಟ್ಟಲು ಮೃದುವಾಗಿದ್ದರೆ, ಇಲ್ಲವೇ ಅದು ಗೂಡಿನಲ್ಲಿ ಪೂರ್ತಿ ಕುಳಿತುಕೊಳ್ಳದೆ ಉಬ್ಬಿಕೊಂಡಿದ್ದರೆ, ಬಿಲ್ಲು ಎಳೆಯುವ ಮೊದಲೇ ಈಡು ಹಾರಬಹುದು. ಬೋಲ್ಟ್ ಪೂರ್ತಿ ಬೀಗಗೊಳ್ಳುವ ಮುನ್ನ ಹಾರಿದರೆ ರೈಫಲ್ಲೇ ಒಡೆದು ಹಾರಿಸಿದವನ ಮುಖಕ್ಕೆ ಬಡಿಯುವ ಅಪಾಯವಿದೆ. ಅದಕ್ಕೇ ಅವನು ಸೇನೆಯ ಮಾನಕ್ಕೆ ತಕ್ಕಂತೆ, ಇಷ್ಟು ಸಣ್ಣ ತಾಗುವಿಕೆಗೆ ಸಿಡಿಯದ ಹಾಗೆ ತಯಾರಾದ ಪ್ರೈಮರನ್ನೇ ಕೊಳ್ಳುತ್ತಾನೆ. ಸಿಸಿಐ ಕಂಪನಿಯ 34ನೇ ಸಂಖ್ಯೆಯದು ದೊಡ್ಡ ರೈಫಲ್ ತೋಟಾಕ್ಕೆ, 41ನೇ ಸಂಖ್ಯೆಯದು ಸಣ್ಣದಕ್ಕೆ. ಪ್ರತಿ ತೋಟಾದ ಬುಡದ ಮೇಲೆ ಬೆರಳಾಡಿಸಿ, ಪ್ರೈಮರ್ ಅಂಚಿಗಿಂತ ಕೂದಲಿನಷ್ಟಾದರೂ ಒಳಗೆ ಕುಳಿತಿದೆ ಎಂದು ಖಚಿತಪಡಿಸಿಕೊಳ್ಳುತ್ತಾನೆ. ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 3ರಿಂದ 5 ಭಾಗ ಒಳಗಿರಬೇಕಂತೆ.

ಆ ರೈಫಲ್ ನಮ್ಮ ಬೆಳೆ ರಕ್ಷಣೆಯ ಪರವಾನಗಿಗೆ ಸಿಗುವಂಥದ್ದಲ್ಲ. ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ನಮ್ಮಲ್ಲಿ ಅಪರಾಧ. ಆದರೆ ಅವನು ಹೇಳಿದ ಎರಡು ಮಾತು ನನ್ನ ಕೋವಿಗೂ ಅಷ್ಟೇ ಸತ್ಯ. ಸಿಡಿಯುವ ವಸ್ತು ಪೂರ್ತಿ ಕುಳಿತಿರಬೇಕು. ಕುದುರೆ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಬೀಳುವವರೆಗೆ ಅದನ್ನು ಯಾವುದೂ ತಾಗಬಾರದು.

ಪರವಾನಗಿ ಇರುವ ಅಂಗಡಿಯಲ್ಲಿ ಮಾತ್ರ, ಪುಸ್ತಕದಲ್ಲಿ ನಮೂದು ಮಾಡಿಸಿಯೇ ಕೇಪು ಕೊಳ್ಳುತ್ತೇನೆ. ಡಬ್ಬಿಯ ಮೇಲಿನ ಸಂಖ್ಯೆಯೊಂದನ್ನೇ ನಂಬುವುದಿಲ್ಲ. 10, 11 ಎಂದು ಅಳತೆ ಬರೆದಿದ್ದರೂ ಒಬ್ಬ ತಯಾರಕನ 11 ಇನ್ನೊಬ್ಬನ 11ಕ್ಕಿಂತ ಬಿಗಿಯಾಗಿಯೋ ಸಡಿಲವಾಗಿಯೋ ಇರುತ್ತದೆ. ಹಸಿರು ಕಿಲುಬು ಹಿಡಿದದ್ದು, ಬಾಯಿ ಸೀಳಿದ್ದು, ಒಳಗಿನ ಮದ್ದು ಉದುರಿದ್ದು ನನಗೆ ಬೇಡ. ಮಕ್ಕಳ ಪಿಸ್ತೂಲಿನ ಪಟಾಕಿ ಕೇಪನ್ನು ಬಿಡಿಸಿ ಕೋವಿಗೆ ಬಳಸುವ ಮಾತನ್ನಂತೂ ಯಾರೂ ಆಡಲೇಬಾರದು. ಅದರ ಮದ್ದು ಉಜ್ಜಿದರೂ ಸಿಡಿಯುವ ಜಾತಿಯದು.

ಹೊಸ ಡಬ್ಬಿ ತಂದ ಮೇಲೆ ಖಾಲಿ ಕೋವಿಯಲ್ಲಿ ಪರೀಕ್ಷೆ. ಮದ್ದು ಗಿಡಿಯುವ ಉದ್ದ ಕಡ್ಡಿಯಾದ ಗಜವನ್ನು ನಳಿಗೆಗೆ ಇಳಿಸಿ, ಅದು ಬುಡ ಮುಟ್ಟಿತೆಂದು ನೋಡಿದ ಬಳಿಕವೇ ಕೋವಿ ಖಾಲಿ ಎಂದು ಒಪ್ಪಿಕೊಳ್ಳುತ್ತೇನೆ. ಕೇಪನ್ನು ನಿಪ್ಪಲಿನ, ಅಂದರೆ ಕಿಡಿಯನ್ನು ನಳಿಗೆಗೆ ಒಯ್ಯುವ ತೂತಿನ ಮೊಳೆಯ, ಮೇಲೆ ಕೂರಿಸಿ ಕೋವಿಯನ್ನು ಓರೆ ಮಾಡಿದಾಗ ಅದು ಬಿದ್ದರೆ ಸಡಿಲ. ಅಂಥದ್ದನ್ನು ಬಾಯಿ ಅದುಮಿ ಬಿಗಿ ಮಾಡಿ ಬಳಸುವವರಿದ್ದಾರೆ, ನಾನು ಬಳಸುವುದಿಲ್ಲ. ಇನ್ನು ಮೊದಲ ಪೆಟ್ಟಿಗೆ ಸಿಡಿಯದೆ ಎರಡನೆಯದಕ್ಕೆ ಸಿಡಿದರೆ ಕೇಪು ಬಿಗಿಯಾಗಿದೆ, ಮೊದಲ ಪೆಟ್ಟು ಅದನ್ನು ಕೆಳಗೆ ತಳ್ಳುವುದಕ್ಕೇ ಖರ್ಚಾಗಿದೆ ಎಂದು ಅರ್ಥ. ಇಂಥ ಕೇಪನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಲು ಹೋಗಬಾರದು. ಸಿಡಿದರೆ ತಾಮ್ರದ ಚೂರು ಬೆರಳಿಗೆ ಹೊಕ್ಕುತ್ತದೆ. ಕೂರಿಸಲು ನಾನು ಸಣ್ಣ ಮರದ ಗೂಟ ಇಟ್ಟುಕೊಂಡಿದ್ದೇನೆ.

ಕುದುರೆಯ ಅರ್ಧ ಮೆಟ್ಟಿಲನ್ನೂ ಆಗಲೇ ನೋಡಬೇಕು. ಕೇಪಿಲ್ಲದ ಕೋವಿಯಲ್ಲಿ ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ ಬಿಲ್ಲು ಎಳೆದರೆ ಅದು ಅಲುಗಾಡಬಾರದು. ಹಳೆಯ ಕೋವಿಗಳಲ್ಲಿ ಕುದುರೆಯನ್ನು ಅರ್ಧದಲ್ಲಿ ತಡೆಯುವ ಹಲ್ಲು ಸವೆದಿರುತ್ತದೆ. ಸವೆದ ಕೋವಿಗೆ ಎಷ್ಟೇ ಒಳ್ಳೆಯ ಕೇಪು ಹಾಕಿದರೂ ಸುರಕ್ಷತೆ ಇಲ್ಲ, ಅದನ್ನು ಪರವಾನಗಿ ಇರುವ ರಿಪೇರಿಯವರಿಗೇ ಕೊಡಬೇಕು. ಕೇಪಿನ ಮೇಲೆ ಕುದುರೆಯನ್ನು ಒರಗಿಸಿಟ್ಟು ಬೇಲಿ ದಾಟುವವರನ್ನು ಕಂಡಿದ್ದೇನೆ. ಕಲ್ಲಿಗೋ ಕೊಂಬೆಗೋ ಕುದುರೆಯ ಬೆನ್ನು ತಾಗಿದರೆ ಅಷ್ಟೇ ಸಾಕು ಈಡು ಹಾರಲು. ನಾನು ಗದ್ದೆಯ ಅಂಚಿನಲ್ಲಿ ನಿಂತು, ಎದುರಿಗೆ ಯಾರೂ ಇಲ್ಲವೆಂದು ನೋಡಿದ ಮೇಲೆಯೇ ಕೇಪು ಇಡುತ್ತೇನೆ. ಮನೆಯತ್ತ ತಿರುಗುವ ಮೊದಲು ಅದನ್ನು ತೆಗೆಯುತ್ತೇನೆ.

ಚುನಾವಣೆಯ ಕಾಲದಲ್ಲಿ ಠಾಣೆಯಲ್ಲಿಟ್ಟ ಕೋವಿ ತಿಂಗಳುಗಳ ನಂತರ ಕೈಗೆ ಬಂದಾಗ ನಿಪ್ಪಲಿನ ತೂತಿನಲ್ಲಿ ಎಣ್ಣೆಯೋ ತುಕ್ಕೋ ಕಟ್ಟಿರುತ್ತದೆ. ಆಗ ಮದ್ದು ತುಂಬದೆ ಒಂದು ಕೇಪನ್ನಷ್ಟೇ ಸಿಡಿಸುತ್ತೇನೆ. ನಳಿಗೆಯ ಬಾಯಿಯ ಮುಂದೆ ನೆಲದ ಮೇಲಿರುವ ಒಣಗಿದ ಎಲೆ ಅಲುಗಾಡಿದರೆ ದಾರಿ ಸಾಫಾಗಿದೆ. ಅಲುಗಾಡದಿದ್ದರೆ ಮತ್ತೆ ಸ್ವಚ್ಛಗೊಳಿಸಬೇಕು. ಈಡು ತುಂಬಿದ ಮೇಲೆ ಕೇಪು ಸಿಡಿದೂ ಕೋವಿ ಹಾರದಿದ್ದರೆ, ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕಾಯುತ್ತೇನೆ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು.

ನಮ್ಮ ಕಡೆಯ ಮಳೆಗಾಲಕ್ಕೆ ಹೆದರಿ ಕೇಪಿನ ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಲ್ಲಿಡುವ ರೂಢಿ ಕೆಲವು ಮನೆಗಳಲ್ಲಿತ್ತು. ಇದು ಕೂಡದು. ಅಂಗಡಿಯಿಂದ ಬಂದ ಡಬ್ಬಿಯಲ್ಲೇ ಕೇಪು ಇಟ್ಟು, ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡುತ್ತೇನೆ. ಮದ್ದು ಬೇರೆ ಕೋಣೆಯಲ್ಲಿರುತ್ತದೆ. ಆಯುಧ ಪೂಜೆಗೆ ಕೋವಿಯನ್ನಷ್ಟೇ ಇಡುವುದು, ಅದೂ ಗಜ ಇಳಿಸಿ ನೋಡಿದ ಮೇಲೆ.

ಕ್ಲೋರೇಟ್ ಬೆರೆತ ಹಳೆಯ ಬಗೆಯ ಕೇಪು ಸಿಡಿದ ಮೇಲೆ ಉಪ್ಪಿನಂಥ ಕಸ ಉಳಿಯುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಎಣ್ಣೆ ಒರೆಸಿದರೆ ಅದು ಹೋಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಹಾಗಾಗಿ ಈಡು ಹಾರಿಸಿದ ದಿನವೇ ನಿಪ್ಪಲ್ ಬಿಚ್ಚಿ, ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತೇನೆ.