ಕೆಟ್ಟಿದೆ ಅಂದ ಬಟನ್ನೇ ಮಷೀನಿನ ಗುರುತು ಹೇಳಿತು

ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಬೀರುವಿನಲ್ಲಿದ್ದ ಕೀ ಕೊಡುವ ವಾಚು ನನ್ನ ಕೈಗೆ ಬಂತು. ತೆಳ್ಳನೆಯ ಚಿನ್ನದ ಕೇಸು, ಪಕ್ಕದಲ್ಲಿ ಎರಡು ಬಟನ್. ಡಯಲ್ ಮೇಲೆ ಕಂಪನಿ ಹೆಸರಿಲ್ಲ, ಸುಮ್ನೆ ‘ಕ್ರೋನೋಗ್ರಾಫ್ ಸ್ವಿಸ್’ ಅಂತಿದೆ. ಕ್ರೋನೋಗ್ರಾಫ್ ಅಂದರೆ ಸ್ಟಾಪ್‌ವಾಚ್ ಕೂಡ ಇರುವ ವಾಚು. ಒಳಗೆ ಎರಡು ಪುಟ್ಟ ಡಯಲ್: ಎಡಕ್ಕೆ ಸದಾ ಓಡುವ ಸೆಕೆಂಡು, ಬಲಕ್ಕೆ 45 ನಿಮಿಷದವರೆಗೆ ಎಣಿಸುವ ಮುಳ್ಳು.

ಮೊದಲು ತೋರಿಸಿದ ರಿಪೇರಿ ಅಂಗಡಿಯವರು ಎರಡು ಸಲ ಬಟನ್ ಒತ್ತಿ, “ಮೇಲಿಂದು ಹೋಗಿದೆ ಸಾರ್. ಓಡಿಸುತ್ತೆ, ನಿಲ್ಲಿಸಲ್ಲ. ಪಾರ್ಟ್ ಸಿಗಲ್ಲ” ಅಂದುಬಿಟ್ಟರು. ನಾನೂ ನಂಬಿ ಒಂದು ವರ್ಷ ಡಬ್ಬಿಯಲ್ಲಿಟ್ಟೆ.

ಒಂದು ಭಾನುವಾರ ಬೇಜಾರಿಗೆ ತೆಗೆದು ಆಡಿಸುತ್ತಾ ಕೂತಿದ್ದೆ. ಮೇಲಿನ ಬಟನ್ ಒತ್ತಿದೆ, ನಡುವಿನ ಉದ್ದ ಮುಳ್ಳು ಹೊರಟಿತು. ಮತ್ತೆ ಅದನ್ನೇ ಒತ್ತಿದೆ, ಏನೂ ಆಗಲಿಲ್ಲ. ಕೆಳಗಿನದು ಒತ್ತಿದೆ, ಟಕ್ ಅಂತ ನಿಂತಿತು. ಇನ್ನೊಮ್ಮೆ ಕೆಳಗಿನದು ಒತ್ತಿದರೆ ನೇರ ಸೊನ್ನೆಗೆ ಹಾರಿತು. ಹತ್ತು ಸಲ ಮಾಡಿದರೂ ಇದೇ ಕ್ರಮ, ಒಂದು ಸಲವೂ ತಪ್ಪಲಿಲ್ಲ. ಕೆಟ್ಟ ವಾಚು ಇಷ್ಟು ಶಿಸ್ತಾಗಿ ಕೆಡಲ್ಲ, ಅಲ್ವಾ?

ವಾಚಿನೊಳಗಿನ ಮಷೀನಿಗೂ ಕಂಪನಿ ಹೆಸರು, ಮಾಡೆಲ್ ನಂಬರ್ ಇರುತ್ತೆ. ವಾಲ್ಜೂ 7733 ತರದ ಮಷೀನುಗಳಲ್ಲಿ ಮೇಲಿನ ಬಟನ್ನೇ ಓಡಿಸೋದು, ಅದೇ ನಿಲ್ಲಿಸೋದು. ಕೆಳಗಿನದಕ್ಕೆ ಸೊನ್ನೆಗೆ ತರುವ ಕೆಲಸ ಮಾತ್ರ. ಮೇಲಿನದು ಬರೀ ಓಡಿಸಿ, ಕೆಳಗಿನದು ನಿಲ್ಲಿಸಿ ಸೊನ್ನೆಗೂ ತರುವುದು ಲ್ಯಾಂಡೆರಾನ್ 48 ಅನ್ನೋ ಮಷೀನಿನ ಚಾಳಿ. ಅಂದರೆ ಕೇಸು ಬಿಚ್ಚುವ ಮೊದಲೇ ಅರ್ಧ ಉತ್ತರ ಸಿಕ್ಕಿತ್ತು.

ಇನ್ನರ್ಧಕ್ಕೆ ಬಿಚ್ಚಲೇಬೇಕು. ಹಿಂದಿನ ಮುಚ್ಚಳ ಒತ್ತಿ ಕೂರಿಸಿದ್ದು. ಅವಸರದಲ್ಲಿ ದಪ್ಪ ಬ್ಲೇಡ್ ತೂರಿಸಿ ಅಂಚಿಗೊಂದು ಗೀರು ಮಾಡಿಕೊಂಡೆ, ಈಗಲೂ ನೋಡಿದರೆ ಹೊಟ್ಟೆ ಉರಿಯುತ್ತೆ. ಕ್ಯಾಲಿಪರ್‌ನಲ್ಲಿ ಮಷೀನ್ ಅಗಲ 31 ಮಿ.ಮೀ. ಆಸುಪಾಸು ಬಂತು. ಇಷ್ಟರಿಂದಲೇ ತೀರ್ಮಾನಕ್ಕೆ ಬಂದರೆ ಮೋಸ ಹೋಗ್ತೀರಿ, 7733 ಕೂಡ ಹೆಚ್ಚುಕಡಿಮೆ ಅಷ್ಟೇ. ‘17 ಜ್ಯೂವೆಲ್ಸ್’, ಅಂದರೆ ಸವೆತ ತಡೆಯೋಕೆ ಕೂರಿಸಿದ ಹರಳುಗಳ ಲೆಕ್ಕ, ಅದೂ ಎರಡರಲ್ಲೂ ಒಂದೇ.

ಆಮೇಲೆ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕಣ್ಣಿಗಿಟ್ಟು ಕಾಲಂ ವೀಲ್ ಹುಡುಕಿದೆ. ಕೆಲವು ಮಷೀನುಗಳಲ್ಲಿ ಸ್ಟಾಪ್‌ವಾಚ್ ಓಡಿಸಿ ನಿಲ್ಲಿಸೋದು ಇದೇ. ಕೋಟೆ ತೆನೆಗಳ ಹಾಗೆ ಪುಟ್ಟ ಕಂಬಗಳು ಎದ್ದು ನಿಂತ ಚಕ್ರ ಅದು, ಇದ್ದರೆ ಕಣ್ಣು ತಪ್ಪಲ್ಲ. ಇಲ್ಲಿ ಇರಲಿಲ್ಲ. ಬದಲಿಗೆ ಆ ಕೆಲಸಕ್ಕೆ ಕ್ಯಾಮ್ ಅನ್ನೋ ಚಪ್ಪಟೆ ತುಂಡು, ಲಿವರ್‌ಗಳು, ಸಣ್ಣ ಸ್ಪ್ರಿಂಗ್‌ಗಳು. ಕಾಲಂ ವೀಲ್ ಇರುವ ವೀನಸ್ 175, ವಾಲ್ಜೂ 72 ಎಲ್ಲ ಅಲ್ಲಿಗೇ ಪಟ್ಟಿಯಿಂದ ಹೊರಗೆ.

ಮಷೀನಿನ ಮಾಡೆಲ್ ನಂಬರ್ ಸಾಮಾನ್ಯವಾಗಿ ಅತ್ತಿತ್ತ ತೂಗಾಡುವ ಬ್ಯಾಲೆನ್ಸ್ ಚಕ್ರದ ಕೆಳಗೆ, ತಳದ ಪ್ಲೇಟಿನ ಮೇಲೆ ಇರುತ್ತೆ. ಚಕ್ರ ಓಡುತ್ತಿದ್ದರೆ ಅಕ್ಷರ ಓದಲಾಗಲ್ಲ, ಅದಕ್ಕೇ ಕೀ ಪೂರ್ತಿ ಇಳಿಯಲಿ ಅಂತ ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಟಾರ್ಚ್ ಓರೆಯಾಗಿ ಹಿಡಿದು ವಾಚನ್ನು ವಾಲಿಸಿದಾಗ, ಒಣಗಿದ ಎಣ್ಣೆಯ ಕಂದು ಕಲೆ ಪಕ್ಕದಲ್ಲಿ 4, ಅದರಾಚೆ 8.

ಈ ಮಷೀನು 1937ರಿಂದ 1970ರ ತನಕ ತಯಾರಾಗಿದೆ, ಹಾಗಾಗಿ ನಂಬರ್ ನೋಡಿ ಇಸವಿ ಹೇಳೋಕಾಗಲ್ಲ. ದೊಡ್ಡಮ್ಮನಿಗೆ ಗೊತ್ತಿರಬಹುದು ಅಂತ ಫೋನ್ ಮಾಡಿದೆ, ಬಟನ್ ಕತೆಯನ್ನೂ ಹೇಳಿದೆ. “ಅಯ್ಯೋ, ಕೆಳಗಿಂದು ಒತ್ತಿ ನಿಲ್ಲಿಸಬೇಕು ಕಣೋ. ಮೊಟ್ಟೆ ಬೇಯಿಸೋವಾಗೆಲ್ಲ ಹಾಗೇ ಮಾಡ್ತಿದ್ರು. ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?” ಅಂದರು.