ನಿಂತವರ ನೆರಳೇ ಮುಳ್ಳು

ಕಾಸರಗೋಡಿನ ಒಂದು ಕಾಲೇಜಿನಲ್ಲಿ ಹೊಸ ವಿಜ್ಞಾನ ಕಟ್ಟಡ ಏಳುತ್ತಿತ್ತು. ಅಂಗಳಕ್ಕೆ ಏನಾದರೂ ಕಲಾಕೃತಿ ಮಾಡಿಕೊಡಿ ಎಂದು ನನ್ನನ್ನು ಕರೆದರು. ಆಗಿನ್ನೂ ಅಡಿಪಾಯದ ಕೆಲಸ. ಕರೆದರೆ ಆಗಲೇ ಕರೆಯಬೇಕು. ಕಟ್ಟಡ ಮುಗಿದ ಮೇಲೆ ಹೋದರೆ ಕಲೆಗೆ ಉಳಿಯುವುದು ಮೆಟ್ಟಿಲ ಪಕ್ಕದ ಖಾಲಿ ಗೋಡೆ ಮಾತ್ರ.

ಸೆನ್ಸರ್, ಟಚ್ ಸ್ಕ್ರೀನ್ ಇರುವಂಥದ್ದು ಬೇಕೆಂದು ಕೆಲವರಿಗೆ ಆಸೆ. ನಾನು ಒಪ್ಪಲಿಲ್ಲ. ನಮ್ಮದು ಮೂರು ಸಾವಿರ ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರು. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ಬೇರೆ. ಕೆಟ್ಟರೆ ರಿಪೇರಿಗೆ ಯಾರು ಬರ್ತಾರೆ?

ಮನುಷ್ಯನೇ ಮುಳ್ಳಾಗುವ ನೆರಳು ಗಡಿಯಾರ ಮಾಡೋಣ ಎಂದೆ. ನೆಲದ ಮೇಲೆ ಒಂದು ದೀರ್ಘವೃತ್ತ, ಅದರ ಮೇಲೆ ಗಂಟೆಯ ಗುರುತುಗಳು. ನಡುವೆ ಉತ್ತರ-ದಕ್ಷಿಣವಾಗಿ ತಿಂಗಳುಗಳ ಪಟ್ಟಿ. ಆಯಾ ತಿಂಗಳ ಮೇಲೆ ನೆಟ್ಟಗೆ ನಿಂತರೆ ನಿಮ್ಮ ನೆರಳೇ ಗಂಟೆ ತೋರಿಸುತ್ತದೆ.

ಮೊದಲ ಕೆಲಸ ದಿಕ್ಕು ಹಿಡಿಯುವುದು. ಸುತ್ತ ಕಬ್ಬಿಣದ ಕಂಬಿ ಇರುವಲ್ಲಿ ದಿಕ್ಸೂಚಿಯನ್ನು ನಂಬುವ ಹಾಗಿಲ್ಲ. ಒಂದು ಕೋಲು ನೆಟ್ಟು ಸುತ್ತ ವೃತ್ತ ಎಳೆದೆವು. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮುಟ್ಟಿದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ. ನಮ್ಮ ಹಳೆಯ ಜ್ಯೋತಿಷ ಗ್ರಂಥಗಳ ಶಂಕುವಿನ ಉಪಾಯವೇ ಇದು.

ಆಮೇಲೆ ಅಳತೆ. ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಕ್ಷಾಂಶ ಕಡಿಮೆಯಾದಷ್ಟೂ ಈ ದೀರ್ಘವೃತ್ತ ಕಿರಿದಾಗುತ್ತದೆ. ಹಾಗಾಗಿ 6 ಮೀಟರ್ ಉದ್ದದ ದೀರ್ಘವೃತ್ತಕ್ಕೆ ಅಗಲ ಬರೀ 1.3 ಮೀಟರ್. ತಿಂಗಳ ಪಟ್ಟಿಯ ಎರಡು ತುದಿಗಳಾದ ಡಿಸೆಂಬರ್ ಮತ್ತು ಜೂನ್ ಗುರುತುಗಳು ಮಧ್ಯದಿಂದ 1.27 ಮೀಟರ್ ದೂರ, ಅಂದರೆ ದೀರ್ಘವೃತ್ತದ ಗೆರೆಯಿಂದ ಆಚೆಗೇ. ಕಲ್ಲು ಕೂರಿಸುತ್ತಿದ್ದ ಮೇಸ್ತ್ರಿ ಕೈ ನಿಲ್ಲಿಸಿ, "ಮಾಷ್ಟ್ರೆ, ಇದು ಹೊರಗೆ ಹೋಯ್ತಲ್ಲಾ, ಅಳತೆ ಸರಿ ಉಂಟಾ?" ಎಂದು ಕೇಳಿದರು. ಸರಿಯೇ ಇತ್ತು. ಜೂನ್ ನಡುಹಗಲಿಗೆ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಅದಕ್ಕೇ ಗೆರೆಯ ಉತ್ತರಕ್ಕೆ ನಿಲ್ಲಬೇಕು.

ನನಗೆ ಅತಿ ಇಷ್ಟವಾದ ಜಾಗ ಬೇರೆ. ಏಪ್ರಿಲ್ 23ರ ಆಸುಪಾಸು ಮತ್ತು ಆಗಸ್ಟ್ 20ರ ಆಸುಪಾಸು ನಿಲ್ಲಬೇಕಾದ ಗುರುತು 12 ಗಂಟೆಯ ಕಲ್ಲಿನ ಮೇಲೆಯೇ ಬರುತ್ತದೆ. ಸೂರ್ಯ ನೆತ್ತಿಯ ಮೇಲಿರುವ ಶೂನ್ಯ ನೆರಳಿನ ದಿನಗಳವು. ಅಂಗಳ ತುಂಬ ಮಕ್ಕಳು ನಿಂತು ತಮ್ಮ ಕಾಲಡಿ ನೆರಳು ಹುಡುಕುವುದನ್ನು ನೋಡಬೇಕು! ಈ ಅಳತೆಯನ್ನು ದೆಹಲಿಗೆ ಒಯ್ದರೆ ನಡೆಯುವುದಿಲ್ಲ. ಇದು ಈ ಊರಿನದ್ದೇ.

ಗಂಟೆಗಳನ್ನು ಸೂರ್ಯನ ಸಮಯಕ್ಕೇ ಬರೆದೆ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 75ರ ಹತ್ತಿರ. ಡಿಗ್ರಿಗೆ 4 ನಿಮಿಷದಂತೆ ಅರ್ಧ ಗಂಟೆ ಹಿಂದೆ. ಅದೂ ವರ್ಷವಿಡೀ ಒಂದೇ ಅಲ್ಲ. ಕೈಗಡಿಯಾರದಲ್ಲಿ ನಿಜವಾದ ನಡುಹಗಲು ಫೆಬ್ರವರಿಯಲ್ಲಿ 12:44ರ ಹೊತ್ತಿಗೆ, ನವೆಂಬರ್ ಮೊದಲಲ್ಲಿ 12:14ರ ಹೊತ್ತಿಗೆ. ಯಾಕೆ ಹೀಗೆ ಎಂದು ವಿದ್ಯಾರ್ಥಿಗಳು ಕೇಳಲಿ ಎಂದೇ ಹಾಗೆ ಬಿಟ್ಟೆ. ಪಕ್ಕದ ಹಿತ್ತಾಳೆ ಫಲಕದಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ವಿವರ ಇದೆ.

ನಕ್ಷೆಯಲ್ಲಿ ಡಿಸೆಂಬರ್ ಗುರುತಿನ ಜಾಗಕ್ಕೇ ಚರಂಡಿಯ ಚೇಂಬರ್ ಬಂದಿತ್ತು. ಇಂಜಿನಿಯರ್ ಅದನ್ನು ಕಾಗದದ ಮೇಲೆಯೇ ಆಚೆ ಸರಿಸಿದರು. ಕಾಂಕ್ರೀಟ್ ಬಿದ್ದ ಮೇಲೆ ಅದು ಆಗುವ ಮಾತಲ್ಲ. ಪೂರ್ವ-ಪಶ್ಚಿಮಕ್ಕೆ ಮರ ನೆಡಬಾರದೆಂದೂ ಆಗಲೇ ಬರೆಸಿಕೊಂಡೆ.

ನೆಲಕ್ಕೆ ಮುರಕಲ್ಲು (ಜಂಬಿಟ್ಟಿಗೆ), ಗುರುತುಗಳಿಗೆ ಕರಿಕಲ್ಲು. ಮುರಕಲ್ಲಿಗೆ ಮಳೆಗಾಲದಲ್ಲಿ ಪಾಚಿ ಹಿಡಿಯುತ್ತದೆ, ಕಾಲು ಜಾರುತ್ತದೆ. ಮಳೆ ಬಿಟ್ಟ ಕೂಡಲೇ ಗಟ್ಟಿ ಬ್ರಷ್‌ನಿಂದ ತಿಕ್ಕಿಸಬೇಕು. ಆ ಕೆಲಸವನ್ನು ಭೌತಶಾಸ್ತ್ರ ವಿಭಾಗದವರು ವಹಿಸಿಕೊಂಡಿದ್ದಾರೆ.